ಮೂರು ಬ್ರೌಸರುಗಳು, ಒಬ್ಬ ಓದುಗ

ಹೋಲಿಸಿ ನೋಡುವ ಚಟ ಇರುವವನು ಸುಖವಾಗಿ ಬದುಕಿದ್ದನ್ನು ನಾನು ಕಂಡಿಲ್ಲ. ಒಂದೇ ಗಾಡಿಯಲ್ಲಿ ಬದನೆಕಾಯಿ ಕೊಂಡವನು ಮನೆಯಲ್ಲಿ ಹುಳ ಕಂಡಾಗ ವ್ಯಾಪಾರಿಯನ್ನು ಬೈದು ಸುಮ್ಮನಾಗುತ್ತಾನೆ. ನಾಲ್ಕು ಗಾಡಿ ಸುತ್ತಿ, ಮುಟ್ಟಿ, ಒತ್ತಿ ನೋಡಿ ಕೊಂಡವನಿಗೆ ಆ ಸೌಕರ್ಯವಿಲ್ಲ. ಅವನು ತನ್ನನ್ನೇ ಬೈದುಕೊಳ್ಳಬೇಕು. ನಾನು ಎರಡನೆಯ ಪಂಗಡದವನು. ಇದು ಹುಟ್ಟುಗುಣವೋ ಉದ್ಯೋಗ ಅಂಟಿಸಿದ ರೋಗವೋ ಹೇಳಲಾರೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ವರದಿ ತಿದ್ದುವುದು ನನ್ನ ಕೆಲಸ. ಒಂದೇ ಅಪಘಾತದ ಬಗ್ಗೆ ಒಬ್ಬ ವರದಿಗಾರ ಲಾರಿ ಎಂದು ಬರೆದಿರುತ್ತಾನೆ, ಇನ್ನೊಬ್ಬ ಟೆಂಪೊ ಎಂದು. ಎರಡನ್ನೂ ಹೋಲಿಸಿ, ಪೊಲೀಸ್ ಠಾಣೆಗೆ ಫೋನು ಮಾಡಿ, ಅವರ ಬಾಯಲ್ಲಿ ಅದು ಟ್ರ್ಯಾಕ್ಟರ್ ಎಂದು ಕೇಳಿ, ಕೊನೆಗೆ 'ವಾಹನ' ಎಂದು ಬರೆದು ಪುಟ ಕಳಿಸುತ್ತೇನೆ. ಯಾರೂ ತಪ್ಪು ಹುಡುಕಲಾಗದ, ಯಾರಿಗೂ ಪ್ರಯೋಜನವಿಲ್ಲದ ಸತ್ಯ ಅದು. ಇಂಥವನ ಕೈಗೆ ಮೊಬೈಲ್ ಫೋನಿನ ಬ್ರೌಸರುಗಳನ್ನು ಹೋಲಿಸುವ ಕೆಲಸ ಸಿಕ್ಕರೆ ಏನಾಗುತ್ತದೆ ಎನ್ನುವುದೇ ಈ ಬರಹ. ಓದಿದವರು ಉದ್ಧಾರವಾಗುವುದಿಲ್ಲ ಎಂದು ಮೊದಲೇ ತಿಳಿಸಿಬಿಡುವುದು ಧರ್ಮ.

ನಮ್ಮದು ದೊಡ್ಡ ಪತ್ರಿಕೆಯೇನಲ್ಲ. ಆದರೂ ಪ್ರತಿ ಗುರುವಾರ ರಾಜಾಜಿನಗರದಿಂದ ಕೆಂಗೇರಿಯವರೆಗಿನ ಓದುಗರಿಗೆಂದು 'ಪಡುವಣ' ಎಂಬ ನಾಲ್ಕು ಪುಟದ ಪುರವಣಿ ಬರುತ್ತಿತ್ತು. ಅದನ್ನು ಹೊರಡಿಸುತ್ತಿದ್ದವರು ಇಬ್ಬರು: ಡೆಸ್ಕಿನಲ್ಲಿ ನಾನು, ಬೀದಿಯಲ್ಲಿ ನಾಗವೇಣಿ. ನಾಗವೇಣಿ ಗದಗಿನ ಕಡೆಯವಳು. ವಿಜಯನಗರದ ಪಿ.ಜಿ.ಯಲ್ಲಿ ಮೂವರ ಜೊತೆ ಕೋಣೆ ಹಂಚಿಕೊಂಡು, ಬಸ್ ಪಾಸು ಹಿಡಿದು ಬಡಾವಣೆಯಿಂದ ಬಡಾವಣೆಗೆ ಅಲೆದು ಸುದ್ದಿ ತರುತ್ತಿದ್ದಳು. ಅವಳನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ಪುರವಣಿಗಾಗಿ. ಪುರವಣಿ ಇರುವವರೆಗೆ ಅವಳು. ಆ ಪುರವಣಿಯಲ್ಲಿ ಶುಭ ಸಮಾಚಾರ ಬಂದ ನೆನಪು ನನಗಿಲ್ಲ. ಹೆಗ್ಗನಹಳ್ಳಿಯಲ್ಲಿ ನೀರಿಲ್ಲ, ಚಂದ್ರಾ ಲೇಔಟಿನಲ್ಲಿ ಬೀದಿ ದೀಪವಿಲ್ಲ, ಮಾಗಡಿ ರಸ್ತೆಯಲ್ಲಿ ಮೆಟ್ರೊ ಕಂಬ ಏಳುತ್ತಿರುವುದರಿಂದ ರಸ್ತೆಯೇ ಇಲ್ಲ. ಆದರೂ ಜನ ಅದನ್ನು ಕಾದು ಓದುತ್ತಿದ್ದರು. ತಮ್ಮ ಬೀದಿಯ ದುಃಖ ಅಚ್ಚಾಗಿ ಬಂದರೆ ಅರ್ಧ ಪರಿಹಾರವಾದಂತೆ ಎಂದು ನಂಬುವ ಸಾಧು ಜನ. ನನ್ನ ಹೆಂಡತಿ ವಸಂತಳಿಗೆ ಪುರವಣಿಯ ಬಗ್ಗೆ ಬೇರೆಯದೇ ಅಭಿಮಾನ. "ಮೇನ್ ಪೇಪರ್ ಜಾಸ್ತಿ ಅಗಲ ರೀ. ನಿಮ್ಮ ಪುರವಣಿ ಅಡುಗೆಮನೆ ಶೆಲ್ಫಿಗೆ ಅಳತೆ ತೆಗೆದ ಹಾಗಿದೆ" ಎನ್ನುತ್ತಿದ್ದಳು. ಇಪ್ಪತ್ತು ವರ್ಷದ ವೃತ್ತಿಜೀವನದಲ್ಲಿ ನನಗೆ ಮನೆಯಲ್ಲಿ ಸಿಕ್ಕ ಏಕೈಕ ವಿಮರ್ಶೆ ಇದು.

ಕಳೆದ ಬೇಸಿಗೆಯ ಒಂದು ಮೀಟಿಂಗಿನಲ್ಲಿ ಪ್ರಸಾರ ವಿಭಾಗದ ಮ್ಯಾನೇಜರು ಪುರವಣಿಯ ಮೇಲೆ ಕಣ್ಣು ಹಾಕಿದರು. ಎಲ್ಲ ಕಡೆ ಖರ್ಚು ಕಡಿತದ ಮಾತು ನಡೆಯುತ್ತಿದ್ದ ಕಾಲ. ನಮ್ಮ ಕಚೇರಿಯಲ್ಲಿ ಸಂಜೆಯ ಬೋಂಡಾ ಆಗಲೇ ನಿಂತಿತ್ತು. "ಸಾರ್, ಓದುಗರು ಎಲ್ಲಾ ಮೊಬೈಲಿಗೆ ಶಿಫ್ಟ್ ಆಗ್ತಾ ಇದಾರೆ. ಪುರವಣಿನ ವೆಬ್‌ಸೈಟಲ್ಲಿ ಮಾತ್ರ ಹಾಕಿದ್ರೆ ಸಾಕು. ಪೇಪರ್ ಉಳಿಯತ್ತೆ, ಸಾಗಾಟ ಉಳಿಯತ್ತೆ" ಎಂದರು. ನಾಗವೇಣಿಯ ಸಂಬಳವೂ ಉಳಿಯುತ್ತದೆ ಎಂದು ಅವರು ಹೇಳಲಿಲ್ಲ. ಆದರೆ ಎದುರಿಗಿದ್ದ ಕಾಗದದ ಮೇಲೆ ಏನನ್ನೋ ಗೀಚಿ ಅದರ ಸುತ್ತ ಒಂದು ವೃತ್ತ ಎಳೆದರು. ನಾನು ತಣ್ಣಗೆ, "ಪಡುವಣ ಓದೋರು ಮೊಬೈಲಲ್ಲಿ ಓದ್ತಾರೆ ಅನ್ನೋದಕ್ಕೆ ಆಧಾರ ಏನು?" ಎಂದು ಕೇಳಿದೆ. ಆಧಾರವಿರಲಿಲ್ಲ. ಮೊಬೈಲಿನಲ್ಲಿ ಎಷ್ಟು ಜನ ತೆರೆಯುತ್ತಾರೆಂದು ಎರಡು ತಿಂಗಳು ಲೆಕ್ಕ ನೋಡೋಣ, ಆಮೇಲೆ ತೀರ್ಮಾನಿಸೋಣ ಎಂದು ಸಂಪಾದಕರು ಮೀಟಿಂಗು ಮುಗಿಸಿದರು. ಅದನ್ನು ನಾನು ಗೆಲುವು ಎಂದುಕೊಂಡೆ. ಆಧಾರ ಕೇಳಿ ಕೆಟ್ಟವರ ಕಥೆಗಳನ್ನು ಅಷ್ಟೊಂದು ತಿದ್ದಿದವನಿಗೆ ಇಷ್ಟು ಹೊಳೆಯಬೇಕಿತ್ತು.

ಹೊರಗೆ ನಾಗವೇಣಿ ಕಾಯುತ್ತಿದ್ದಳು. "ಏನಾತ್ರಿ ಸರ?"

"ಎರಡು ತಿಂಗಳು ಸಿಕ್ಕಿದೆ."

"ಬಾಡಿಗಿ ಮನಿ ಓನರ್ ಮಾತಾಡಿದಂಗ ಮಾತಾಡ್ತೀರಲ್ರಿ" ಎಂದಳು. ನಗಲಿಲ್ಲ.

ನನ್ನ ಉಪಾಯ ಸರಳವಾಗಿತ್ತು. ಮೊಬೈಲಿನಲ್ಲಿ ಕನ್ನಡ ಓದುವುದು ಎಷ್ಟು ಕಷ್ಟ ಎನ್ನುವುದು ಮ್ಯಾನೇಜರಿಗೆ ಗೊತ್ತಿರಲಿಲ್ಲ, ಯಾಕೆಂದರೆ ಅವರು ಮೊಬೈಲಿನಲ್ಲಾಗಲಿ ಕಾಗದದಲ್ಲಾಗಲಿ ಕನ್ನಡ ಓದುತ್ತಿರಲಿಲ್ಲ. ಇಂಟರ್ನೆಟ್ ಪುಟಗಳನ್ನು ಫೋನಿನಲ್ಲಿ ತೆರೆದು ತೋರಿಸುವ ಈ ಬ್ರೌಸರುಗಳಲ್ಲಿ ಚಾಲ್ತಿಯಲ್ಲಿರುವ ಮೂರನ್ನು ತೆಗೆದುಕೊಂಡು, ನಮ್ಮದೇ 'ಪಡುವಣ'ದ ಪುಟವನ್ನು ಒಂದೊಂದರಲ್ಲೂ ತೆರೆದು, ಹೋಲಿಸಿ, ನಿಷ್ಪಕ್ಷಪಾತವಾಗಿ ಒಂದು ಲೇಖನ ಬರೆಯುವುದು. ಓದುಗರಿಗೆ ಮಾಹಿತಿಯೂ ಆಯಿತು. ಯಾವುದರಲ್ಲೂ ನೆಟ್ಟಗೆ ಓದಲಾಗುವುದಿಲ್ಲ ಎಂದು ಮೇಲಿನವರಿಗೆ ಮನವರಿಕೆಯೂ ಆಯಿತು. ಅಚ್ಚಿನ ಪುರವಣಿಯೂ ಉಳಿಯಿತು, ನಾಗವೇಣಿಯೂ ಉಳಿದಳು. ಸಂಪಾದಕರು ಒಪ್ಪಿದರು. ಮ್ಯಾನೇಜರಂತೂ, "ಸೂಪರ್ ಸಾರ್, ಯೂತ್‌ಗೆ ಇಷ್ಟ ಆಗತ್ತೆ" ಎಂದು ಬೆನ್ನು ತಟ್ಟಿದರು. ಬೆನ್ನಿನ ಆ ಜಾಗ ಈಗಲೂ ಒಮ್ಮೊಮ್ಮೆ ನೋಯುತ್ತದೆ.

ಮೂರು ಬ್ರೌಸರುಗಳ ಹೆಸರು ಇಲ್ಲಿ ಬರೆಯುವುದಿಲ್ಲ. ಅವುಗಳ ಪಾಡು ಅವಕ್ಕಿರಲಿ. ನಮ್ಮ ಮನೆಯಲ್ಲಿ ಅವಕ್ಕೆ ಬೇರೆ ಹೆಸರುಗಳಿದ್ದವು; ಇಟ್ಟವಳು ವಸಂತ. ಮೊದಲನೆಯದು ಫೋನಿನ ಜೊತೆಗೇ ಬಂದದ್ದು. ತೆಗೆಯಲು ಬರುವುದಿಲ್ಲ, ಹೇಳಿದ ಕೆಲಸ ಮಾಡುವುದಿಲ್ಲ, ಕೇಳಿದರೆ ಮೆಮೊರಿ ಸಾಲದು ಎನ್ನುತ್ತದೆ. ಅದಕ್ಕೆ 'ಮನೆ ಅಳಿಯ' ಎಂದು ಹೆಸರಾಯಿತು. ಎರಡನೆಯದನ್ನು ಚಂದ್ರಾ ಲೇಔಟಿನ ರೀಚಾರ್ಜ್ ಅಂಗಡಿಯಲ್ಲಿ ಹಾಕಿಸಿಕೊಂಡು ಬಂದೆ. ಅಂಗಡಿಯವನು, "ತಗೊಳ್ಳಿ ಸಾರ್, ಬೆಂಕಿ ಐಟಂ. ಎಂಥ ದೊಡ್ಡ ಪೇಜನ್ನೂ ಹಿಂಡಿ ಇಷ್ಟುದ್ದ ಮಾಡ್ಬಿಡತ್ತೆ" ಎಂದು ಕಿರುಬೆರಳು ತೋರಿಸಿದ್ದ. ಮಾತು ನಿಜ. ಎಲ್ಲವನ್ನೂ ಹಿಂಡಿ ಚಿಕ್ಕದು ಮಾಡಿ ಕ್ಷಣದಲ್ಲಿ ತಂದು ಕೊಡುತ್ತಿತ್ತು. ಇದು 'ವಾಷಿಂಗ್ ಮಷೀನು'. ಮೂರನೆಯದು ಕಂಪ್ಯೂಟರಿನಲ್ಲಿ ಕಂಡಂತೆಯೇ ಇಡೀ ಪುಟವನ್ನು ಯಥಾವತ್ ತೋರಿಸುತ್ತೇನೆ ಎಂದು ಹೊರಡುತ್ತಿತ್ತು. ನೀಲಿ ಪಟ್ಟಿ ಮುಕ್ಕಾಲು ಪಾಲು ತುಂಬುವ ಹೊತ್ತಿಗೆ ನಿಂತುಬಿಡುತ್ತಿತ್ತು. ಅದಕ್ಕೆ ವಸಂತ ಇಟ್ಟ ಹೆಸರು 'ಮೆಟ್ರೊ'.

ಅಳಿಯನಲ್ಲಿ ಕನ್ನಡದ ಅಕ್ಷರಗಳು ಜಗಳವಾಡಿ ಬೇರೆ ಮನೆ ಮಾಡಿದ ಅಣ್ಣತಮ್ಮಂದಿರಂತೆ ದೂರದೂರ ನಿಲ್ಲುತ್ತಿದ್ದವು. ಮೆಟ್ರೊದಲ್ಲಿ ಶೀರ್ಷಿಕೆ ಬರುತ್ತಿತ್ತು, ಸುದ್ದಿ ಬರುತ್ತಿರಲಿಲ್ಲ. ವಾಷಿಂಗ್ ಮಷೀನಿನಲ್ಲಿ ಅಕ್ಷರಗಳೇ ಇರಲಿಲ್ಲ. ಪುಟದ ತುಂಬ ಖಾಲಿ ಚೌಕಗಳು. ಚೌಕದ ಪಕ್ಕ ಚೌಕ, ಸಾಲಿನ ಕೆಳಗೆ ಸಾಲು. ಒಂದು ಭಾನುವಾರ ಬೆಳಿಗ್ಗೆ ಗೇಟಿನ ಬಳಿ ನಿಂತು ನಾನು ಇದನ್ನು ನೋಡುತ್ತಿದ್ದಾಗ ಪಕ್ಕದ ಮನೆಯ ರಂಗಸ್ವಾಮಿಯವರು ಇಣುಕಿದರು. ಸರ್ವೆ ಇಲಾಖೆಯಿಂದ ನಿವೃತ್ತರಾದವರು, ಬಸವೇಶ್ವರನಗರದಲ್ಲಿ ನಮ್ಮ ಬೀದಿಗೆ ಮೊದಲು ಮನೆ ಕಟ್ಟಿದವರು. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಪೇಪರ್‌ನೋರೆ, ಇದು ಯಾವ ಲೇಔಟು?"

"ಲೇಔಟಲ್ಲ ಸಾರ್, ನಮ್ಮ ಪುರವಣಿ."

"ನನಗೆ ಹೇಳೋದು ಬೇಡ ಅಂದ್ರೆ ಬೇಡ ಅನ್ನಿ. ಸೈಟ್ ಪ್ಲಾನು ನೋಡಿ ನೋಡಿನೇ ನಾನು ಮುದುಕ ಆಗಿರೋದು. ಈ ಮೂಲೇಲಿ ಒಂದು ಕಾರ್ನರ್ ಸೈಟು ಚೆನ್ನಾಗಿದೆ, ಪೂರ್ವಕ್ಕಿದೆ. ಆದ್ರೆ ಇವರು ಪಾರ್ಕಿಗೆ ಜಾಗನೇ ಬಿಟ್ಟಿಲ್ವಲ್ಲ" ಎಂದರು. ಅವರು ಕಾರ್ನರ್ ಸೈಟು ಎಂದು ತೋರಿಸಿದ್ದು ಹೆಗ್ಗನಹಳ್ಳಿಯ ನೀರಿನ ಸುದ್ದಿಯ ಮೊದಲ ಪದವಾಗಿತ್ತು. ನಾನು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಆಮೇಲೆ ಸುಮಾರು ದಿನ, ನಾನು ಗುಟ್ಟಾಗಿ ಸೈಟು ಮಾಡುತ್ತಿದ್ದೇನೆ ಎಂದು ಬೀದಿಯಲ್ಲಿ ಸುದ್ದಿಯಿತ್ತು. ಒಂದೇ ಮೂಲದಿಂದ ಬಂದ ಸುದ್ದಿ ಎಷ್ಟು ಅಪಾಯಕಾರಿ ಎಂದು ನಾಗವೇಣಿಗೆ ವಿವರಿಸಲು ಒಂದು ಉದಾಹರಣೆಯಾಯಿತು ಎಂದುಕೊಂಡು ಸಮಾಧಾನಪಟ್ಟೆ.

ಹೋಲಿಕೆ ಎಂದಮೇಲೆ ಶಿಸ್ತು ಬೇಕು. ಒಮ್ಮೆ ತೆರೆದ ಪುಟವನ್ನು ಬ್ರೌಸರು ನೆನಪಿಟ್ಟುಕೊಂಡು ಎರಡನೇ ಸಲ ಬೇಗ ತೋರಿಸುತ್ತದೆ ಎಂದು ರೀಚಾರ್ಜ್ ಅಂಗಡಿಯವನು ಹೇಳಿದ್ದ. ಹಾಗಾದರೆ ಅದು ಮೋಸ. ಪರೀಕ್ಷೆಗೆ ಕೂರುವವನಿಗೆ ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟ ಹಾಗೆ. ಆದ್ದರಿಂದ ಪ್ರತಿ ಸಲವೂ ಅದರ ನೆನಪನ್ನು ಪೂರ್ತಿ ಅಳಿಸಿ, ಹೊಸದಾಗಿ ತೆರೆಯುವ ನಿಯಮ ಮಾಡಿಕೊಂಡೆ. ನನ್ನ ಫೋನು, ವಸಂತಳ ಫೋನು, ನಾಗವೇಣಿಯ ಫೋನು, ಮೂರರಲ್ಲೂ ಮೂರು ಬ್ರೌಸರು. ಮನೆಯ ತಾರಸಿಯಲ್ಲಿ ಒಮ್ಮೆ, ತಾರಸಿ ಇಳಿದು ಬಚ್ಚಲಿನ ಬಳಿ ಒಮ್ಮೆ. ಕೆಂಗೇರಿ ಬಸ್ಸಿನಲ್ಲಿ, ರಾಜಾಜಿನಗರದ ಕೈಗಾರಿಕಾ ವಸಾಹತಿನ ಗೋಡೆ ಪಕ್ಕ, ದರ್ಶಿನಿಯಲ್ಲಿ ಕಾಫಿ ಆರುತ್ತಿರುವಾಗ. ಅಳಿಸು, ತೆರೆ. ಬರಲಿಲ್ಲವಾದರೆ ಇನ್ನೊಮ್ಮೆ. ಅರ್ಧಕ್ಕೆ ನಿಂತರೆ ಮತ್ತೊಮ್ಮೆ, ಬ್ರೌಸರಿಗೆ ಅನ್ಯಾಯವಾಗಬಾರದಲ್ಲ. ವಸಂತ ಸಾರಿಗೆ ಒಗ್ಗರಣೆ ಹಾಕುತ್ತ ಎಡಗೈಯಲ್ಲಿ ಗುಂಡಿ ಒತ್ತುತ್ತಿದ್ದಳು. "ಅಲ್ಲಾ ರೀ, ಇದು ತೆರೆಯಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೊಂದಕ್ಕೇ ಗೊತ್ತಿಲ್ವೇನೋ. ಯಾಕೆ ಇಷ್ಟು ಸಲ ಕೇಳ್ತೀರಿ?"

"ಖಚಿತ ಮಾಡ್ಕೋಬೇಕು."

"ಮದುವೆಗೆ ಮುಂಚೆ ಇಷ್ಟು ಖಚಿತ ಮಾಡ್ಕೊಂಡಿದ್ರೆ ಇಬ್ಬರೂ ಬಚಾವಾಗ್ತಿದ್ವಿ" ಎಂದು ಅವಳು ಒಗ್ಗರಣೆಯನ್ನು ಸಾರಿಗೆ ಸುರಿದಳು.

ನಾಗವೇಣಿ ಇನ್ನೂ ನಿಷ್ಠಾವಂತೆ. ಪಿ.ಜಿ.ಯ ಗೆಳತಿಯರ ಫೋನುಗಳಲ್ಲೂ ಬ್ರೌಸರುಗಳನ್ನು ಹಾಕಿಸಿದ್ದಳು. "ಎಲ್ಲಾರ ಕಡಿಂದಾನೂ ತೆಗಿಸಾಕತ್ತೇನ್ರಿ ಸರ. ಒಂದರಾಗೂ ನೆಟ್ಟಗ ಬರವಲ್ದು. ಭಾಳ ಚಲೋ ಆತು" ಎಂದು ಫೋನು ಮಾಡುತ್ತಿದ್ದಳು. ತಾನು ಬರೆದ ವರದಿ ಯಾರ ಕಣ್ಣಿಗೂ ಕಾಣುತ್ತಿಲ್ಲ ಎಂದು ಸಂತೋಷಪಟ್ಟ ಪತ್ರಕರ್ತೆಯನ್ನು ನಾನು ಅದೇ ಮೊದಲು ಕಂಡದ್ದು.

ಲೇಖನ ಬರೆದು ಮುಗಿಸಿದೆ. ವೇಗ, ಸ್ಪಷ್ಟತೆ, ಕನ್ನಡ, ಬ್ಯಾಟರಿ ಎಂದು ವಿಂಗಡಿಸಿ, ಒಂದು ವಿಶೇಷಣವೂ ಇಲ್ಲದೆ, ಕೊನೆಯಲ್ಲಿ 'ಪ್ರಸ್ತುತ ಪತ್ರಿಕೆಯ ಪುರವಣಿ ಈ ಮೂರರಲ್ಲಿ ಯಾವುದರಲ್ಲೂ ಓದಲು ಬರುವಂತೆ ತೆರೆದುಕೊಳ್ಳಲಿಲ್ಲ' ಎಂಬ ಒಂದು ಸಾಲು. ನನ್ನ ಜೀವನದ ಅತ್ಯುತ್ತಮ ಸಾಲು ಅದು ಎಂದು ಈಗಲೂ ನಂಬಿದ್ದೇನೆ. ಜಾಹೀರಾತು ಹೆಚ್ಚಾಯಿತೆಂದು ಆ ಗುರುವಾರ ಲೇಖನ ನಿಂತಿತು; ಮುಂದಿನ ಗುರುವಾರ ಯಾವುದೋ ಶಾಲೆಯ ವಾರ್ಷಿಕೋತ್ಸವದ ಫೋಟೊಗಳಿಗೆ ಜಾಗ ಬಿಟ್ಟುಕೊಟ್ಟಿತು. ಅಷ್ಟರಲ್ಲಿ ಎರಡು ತಿಂಗಳು ಮುಗಿದು ಮೀಟಿಂಗು ಬಂತು.

ಮ್ಯಾನೇಜರು ಒಂದು ಗ್ರಾಫು ತಂದಿದ್ದರು. ಅದರ ಗೆರೆ ಮೊದಲ ಕೆಲವು ದಿನ ನೆಲದ ಮೇಲೆ ತೆವಳಿ, ಆಮೇಲೆ ಮೇಲುಸೇತುವೆಯಂತೆ ಎದ್ದಿತ್ತು. "ನೋಡಿ ಸಾರ್. ಇಡೀ ವೆಬ್‌ಸೈಟಲ್ಲಿ ಮೊಬೈಲಿಂದ ಜಾಸ್ತಿ ಓಪನ್ ಆಗಿರೋದು ಯಾವ ಪೇಜ್ ಗೊತ್ತಾ? ಪಡುವಣ. ದಿನಾ ಹೊಸ ಹೊಸ ಓದುಗರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಕೆಲವರಂತೂ ಒಂದೇ ಪೇಜನ್ನ ಬಿಟ್ಟೂ ಬಿಡದೆ ತೆಗೀತಾರೆ ಸಾರ್, ಅಷ್ಟು ಪ್ರೀತಿ. ಮೂರು ಥರದ ಬ್ರೌಸರಿಂದ ಬರ್ತಾ ಇದಾರೆ" ಎಂದು ಮೂರರ ಹೆಸರನ್ನೂ ಹೇಳಿದರು. ಅಳಿಯ, ವಾಷಿಂಗ್ ಮಷೀನು, ಮೆಟ್ರೊ.

ಹೊಸ ಓದುಗ ಎಂದು ಹೇಗೆ ತಿಳಿಯುತ್ತದೆ ಎಂದು ವೆಬ್‌ಸೈಟ್ ನೋಡಿಕೊಳ್ಳುವಾತನನ್ನು ಕೇಳಿದೆ. ಆತ ಸಾವಧಾನವಾಗಿ ವಿವರಿಸಿದ: ಬಂದವನ ಬ್ರೌಸರಿನಲ್ಲಿ ವೆಬ್‌ಸೈಟು ಒಂದು ಗುರುತು ಇಟ್ಟು ಕಳಿಸುತ್ತದೆ. ಮತ್ತೆ ಬಂದಾಗ ಗುರುತು ಇದ್ದರೆ ಹಳಬ, ಇಲ್ಲದಿದ್ದರೆ ಹೊಸಬ. ಬ್ರೌಸರಿನ ನೆನಪನ್ನು ಅಳಿಸಿದರೆ ಆ ಗುರುತೂ ಹೋಗುತ್ತದೆ. ಅಂದರೆ ಮದುವೆಮನೆಯಲ್ಲಿ ಎಲೆ ಎಣಿಸಿ ನೆಂಟರ ಲೆಕ್ಕ ಹಾಕಿದ ಹಾಗೆ. ಒಬ್ಬನೇ ಕೈ ತೊಳೆದುಕೊಂಡು ಬಂದು ಪ್ರತಿ ಪಂಕ್ತಿಗೂ ಕೂತರೆ ಊರೆಲ್ಲ ಉಂಡಂತೆ ಕಾಣುತ್ತದೆ. ನಾನು ಎರಡು ತಿಂಗಳಿಂದ ಎಲ್ಲ ಪಂಕ್ತಿಯಲ್ಲೂ ಕೂತಿದ್ದೆ. ಅದೂ ಒಂದು ತುತ್ತೂ ಉಣ್ಣದೆ.

ಸತ್ಯ ಹೇಳುವುದು ನನ್ನ ವೃತ್ತಿ. "ಇವರೆಲ್ಲ ನಾನೇ" ಎಂದೆ.

ಮೀಟಿಂಗಿಗೆ ಮೀಟಿಂಗೇ ನಕ್ಕಿತು. "ಸಾರ್, ನಿಮ್ಮ ದೊಡ್ಡಗುಣ ಅದು. ಆದ್ರೆ ತಮ್ಮ ಪೇಜನ್ನ ತಾವೇ ಇಷ್ಟು ಸಲ ಯಾರಾದ್ರೂ ಓದ್ತಾರಾ?" ಎಂದು ಮ್ಯಾನೇಜರು ಕೇಳಿದರು. ಓದಿಲ್ಲ, ತೆರೆದಿದ್ದೇನೆ ಅಷ್ಟೆ, ಅದೂ ತೆರೆದುಕೊಳ್ಳಲಿಲ್ಲ ಎಂದು ನಾನು ಹೇಳಿದ್ದು ಆ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಮೀಟಿಂಗು ಮುಗಿದ ಮೇಲೆ ಸಂಪಾದಕರು ನನ್ನನ್ನು ಪಕ್ಕಕ್ಕೆ ಕರೆದರು.

"ನೀವು ಹೇಳಿದ್ದು ನಿಜ ಅಂತ ನನಗೆ ಗೊತ್ತು ಮಾರಾಯರೆ. ಆದ್ರೆ ಆ ಗ್ರಾಫು ನಿನ್ನೆನೇ ಮೇಲಕ್ಕೆ ಹೋಗಿದೆ. ಮೇಲಿನವರಿಗೆ ಖುಷಿಯಾಗಿದೆ."

"ತಪ್ಪು ಅಂತ ಗೊತ್ತಾದ ಮೇಲೆ ಒಂದು ತಿದ್ದುಪಡಿ ಹಾಕ್ಬೇಕಲ್ವಾ ಸಾರ್?"

"ಯಾವ ಪುಟದಲ್ಲಿ ತಪ್ಪಾಯ್ತೋ ಅದೇ ಪುಟದಲ್ಲಿ ತಿದ್ದುಪಡಿ ಹಾಕೋದು ನಮ್ಮ ಪದ್ಧತಿ. ಆ ಪುಟ ಮುಂದಿನ ಗುರುವಾರದಿಂದ ಇಲ್ವಲ್ಲ" ಎಂದು ಅವರು ನನ್ನ ಭುಜದ ಮೇಲೆ ಕೈ ಇಟ್ಟರು. ಮ್ಯಾನೇಜರು ಬೆನ್ನು, ಇವರು ಭುಜ. ಪುರವಣಿ ಹೋಗುವಷ್ಟರಲ್ಲಿ ನನ್ನ ಮೈಯ ಬಹುಭಾಗವನ್ನು ಆಡಳಿತ ಮುಟ್ಟಿತ್ತು.

'ಪಡುವಣ' ಅಚ್ಚಿನಲ್ಲಿ ಬರುವುದು ನಿಂತಿತು. ವಸಂತ ಶೆಲ್ಫಿಗೆ ಪ್ಲಾಸ್ಟಿಕ್ ಹಾಳೆ ತಂದು ಹಾಸಿದಳು. ಅದು ಜಾರುತ್ತದೆ ಎಂದು ಇವತ್ತಿಗೂ ಗೊಣಗುತ್ತಾಳೆ. ಹೆಗ್ಗನಹಳ್ಳಿಯಿಂದ ಒಬ್ಬ ಹೆಂಗಸು ಕಚೇರಿಗೆ ಫೋನು ಮಾಡಿ, "ನೀರು ಯಾವತ್ತು ಬರತ್ತೆ ಅಂತ ಇನ್ಮೇಲೆ ಎಲ್ಲಿ ನೋಡೋದು ಸಾರ್?" ಎಂದು ಕೇಳಿದರು. ಮೊಬೈಲಿನಲ್ಲಿ ನೋಡಬಹುದು ಎಂದು ಹೇಳಲು ಮನಸ್ಸು ಬರಲಿಲ್ಲ. ಯಾವತ್ತು ಬರುತ್ತದೆಂದು ಅಂದು ನಾನೇ ವಿಚಾರಿಸಿ ಹೇಳಿದೆ. ಈಗ ಅವರು ವಾರಕ್ಕೊಮ್ಮೆ ನನಗೇ ಫೋನು ಮಾಡುತ್ತಾರೆ. ನನ್ನ ಹೋಲಿಕೆಯ ಲೇಖನ ಕಡೆಗೂ ಪ್ರಕಟವಾಯಿತು, ವೆಬ್‌ಸೈಟಿನ 'ಪಡುವಣ'ದಲ್ಲಿ ಮಾತ್ರ. ಈ ಪುಟ ಮೊಬೈಲಿನಲ್ಲಿ ಓದಲು ಬರುವುದಿಲ್ಲ ಎಂಬ ನನ್ನ ಅತ್ಯುತ್ತಮ ಸಾಲು, ಮೊಬೈಲಿನಲ್ಲಿ ಓದಲು ಬಾರದೆ ಅಲ್ಲೇ ಇದೆ. ವಾಷಿಂಗ್ ಮಷೀನಿನಲ್ಲಿ ನೋಡಿದರೆ ಸಾಲಾಗಿ ಸೈಟುಗಳು, ಪಾರ್ಕಿಲ್ಲ.

ನಾಗವೇಣಿಯನ್ನು ತೆಗೆಯಲಿಲ್ಲ. ತೆಗೆಯುವಂತಿರಲಿಲ್ಲ, ಅಷ್ಟು ಓದುಗರಿರುವ ಪುಟಕ್ಕೆ ಬರೆಯುವವರು ಬೇಕಲ್ಲ. ಆದರೆ ಓದುಗರ ಸಂಖ್ಯೆ ಇಳಿಯದಿರುವವರೆಗೆ ಮಾತ್ರ ಎಂಬ ಷರತ್ತನ್ನು ಮ್ಯಾನೇಜರು ನಗುತ್ತಲೇ ಹೇಳಿದ್ದರು. ಹಾಗಾಗಿ ಯಾರೂ ಓದುವುದಿಲ್ಲ ಎಂದು ಸಾಬೀತು ಮಾಡಲು ಹೊರಟವನು ಈಗ ಎಲ್ಲ ಓದುಗರ ಕೆಲಸವನ್ನೂ ತಾನೇ ಮಾಡಬೇಕಾಗಿದೆ. ಬೆಳಿಗ್ಗೆ ಬಸ್ಸಿನಲ್ಲಿ ಅಳಿಸು, ತೆರೆ. ಕಚೇರಿಯ ಮೆಟ್ಟಿಲಲ್ಲಿ ಅಳಿಸು, ತೆರೆ. ರಂಗಸ್ವಾಮಿಯವರು ಗೇಟಿನ ಬಳಿ ಕಂಡಾಗೆಲ್ಲ, "ಇನ್ನೂ ರಿಜಿಸ್ಟ್ರೇಷನ್ ಆಗಿಲ್ವಾ?" ಎಂದು ಕೇಳುತ್ತಾರೆ. ಸುದ್ದಿಯಲ್ಲಿ 'ವಾಹನ' ಎಂದು ಬರೆದು ಬಚಾವಾಗುತ್ತಿದ್ದ ನಾನು, ಈಗ ಸುಳ್ಳು ಲೆಕ್ಕವನ್ನು ದಿನವೂ ಶಿಸ್ತಾಗಿ ತಯಾರಿಸುತ್ತಿದ್ದೇನೆ.

ಮೊನ್ನೆ ಚಂದ್ರಾ ಲೇಔಟಿನ ದರ್ಶಿನಿಯಲ್ಲಿ ನಾಗವೇಣಿ ಸಿಕ್ಕಳು. ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಕಳೆ ಇತ್ತು. ಕಾಫಿ ಲೋಟ ಹಿಡಿದು ನಿಂತು, ದನಿ ತಗ್ಗಿಸಿ ಹೇಳಿದಳು.

"ಸರ, ಬೈಬಾರದ್ರಿ. ನಂಬರ್ ಇಳಿದ್ರ ಕೆಲಸ ಹೋಗ್ತದಂತ ನಾನು ದಿನಾ ಒಂದಿಷ್ಟು ಸಲ ಪೇಜ್ ತೆಗೀತಿದ್ದೆ."

"ಗೊತ್ತಾಗಲಿಲ್ಲ ಬಿಡು."

"ಆದ್ರ ಹೋದ ವಾರ ವೆಬ್‌ಸೈಟ್‌ನವ್ರ ಹತ್ರ ಲೆಕ್ಕ ನೋಡಿದ್ನಿರಿ. ನಮ್ಮ ಪರೀಕ್ಷಾ ಮುಗದು ಭಾಳ ದಿನ ಆತು, ನಾ ತೆಗೆದದ್ದನ್ನ ಕಳದ್ರೂ ಇನ್ನೂ ಭಾಳ ಮಂದಿ ಉಳೀತಾರ್ರಿ. ಖರೇನ ಓದಾಕತ್ತಾರ ಸರ. ಯಾರೋ ಅದಾರ. ಅದಕ್ಕ ಇನ್ನ ಸ್ವಲ್ಪ ಚಲೋ ಬರೀಬೇಕಂತ ಮಾಡೇನಿ."

ಆ ಭಾಳ ಮಂದಿ ಅವಳ ಎದುರಿಗೇ ನಿಂತು ಕಾಫಿ ಕುಡಿಯುತ್ತಿದ್ದರು. ಎರಡು ಮೂಲಗಳಿಂದ ಖಚಿತವಾದ, ಪ್ರಕಟಣೆಗೆ ಯೋಗ್ಯವಾದ ಸುದ್ದಿ ನನ್ನ ಬಳಿ ಇತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಅದನ್ನು ತಡೆಹಿಡಿದೆ. "ಬರಿ, ಚೆನ್ನಾಗಿ ಬರಿ. ಓದ್ತಾರೆ" ಎಂದೆ.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ವಸಂತ ತನ್ನ ಫೋನನ್ನು ಚಾರ್ಜರಿನಿಂದ ಕಿತ್ತು ನನ್ನ ಕೈಗೆ ಕೊಟ್ಟಳು. "ತಗೊಳ್ಳಿ, ಬ್ಯಾಟರಿ ತುಂಬಿದೆ. ಊಟಕ್ಕೆ ಇನ್ನೂ ಹೊತ್ತಿದೆ, ಅಷ್ಟರಲ್ಲಿ ಒಂದಿಷ್ಟು ಜನ ಆಗಿ ಬನ್ನಿ."